2017ರ ಆಸ್ಟ್ರೇಲಿಯನ್ ಓಪನ್ ಟೆನಿಸ್ ಫೈನಲ್‌ನಲ್ಲಿ ಫೆಡರರ್ ನಡಾಲ್‌ರನ್ನು ಮಣಿಸಿದ್ದು ಹೇಗೆ? ಆ ಫೈನಲ್‌ನ ವೈದ್ಯಕೀಯ ವಿರಾಮ ಮೋಸವೇ?

ಗೆಲ್ಲಿಸಿದ್ದು ಮುಖ್ಯವಾಗಿ ಬ್ಯಾಕ್‌ಹ್ಯಾಂಡ್, ಅಂದರೆ ಕೈಯ ಹಿಂಬದಿ ಚೆಂಡಿನತ್ತ ಇರುವ ಹೊಡೆತ. ವಿರಾಮ ಮೋಸವಲ್ಲ, ಆದರೆ ತಕರಾರಿಗೆ ಎಡೆಯಿತ್ತು.

ಎಡಗೈ ನಡಾಲ್ ಟಾಪ್‌ಸ್ಪಿನ್ ಕೊಟ್ಟು, ಅಂದರೆ ಚೆಂಡನ್ನು ಮುಂದಕ್ಕೆ ಉರುಳುವಂತೆ ತಿರುಗಿಸಿ ಹೊಡೆದರೆ, ಅದು ಪುಟಿದು ಫೆಡರರ್‌ರ ಒಂಟಿಗೈ ಬ್ಯಾಕ್‌ಹ್ಯಾಂಡ್ ಕಡೆ ಭುಜದೆತ್ತರಕ್ಕೆ ಏರುತ್ತಿತ್ತು. ಅಷ್ಟು ಮೇಲೆ ಒಂದೇ ಕೈಗೆ ಬಲ ಸಾಲದು; ಹಿಂದೆ ಸರಿದು ಸ್ಲೈಸ್ ಮಾಡಿ, ಅಂದರೆ ಚೆಂಡನ್ನು ಕೆಳಗಿನಿಂದ ಕತ್ತರಿಸಿದಂತೆ ಹೊಡೆದು, ಬಚಾವಾಗಬೇಕಿತ್ತು. 2014ರಲ್ಲಿ ಫೆಡರರ್ 90 ಚದರ ಇಂಚು ಮುಖದ ರ‍್ಯಾಕೆಟ್ ಬಿಟ್ಟು 97ರದ್ದು ಹಿಡಿದರು. ಮುಖ ಅಗಲವಾದರೆ ಚೆಂಡು ನಡುಮಧ್ಯಕ್ಕೆ ತಾಗದಿದ್ದರೂ ಹೊಡೆತ ಅಷ್ಟು ಕೆಡುವುದಿಲ್ಲ. ಹಾಗಾಗಿ 2017ರಲ್ಲಿ ಬೇಸ್‌ಲೈನ್ (ಅಂಗಳದ ಹಿಂಗೆರೆ) ಬಿಟ್ಟು ಕದಲದೆ, ಚೆಂಡು ಮೇಲೇರುವ ಮೊದಲೇ ಚಪ್ಪಟೆಯಾಗಿ ಬಾರಿಸಿದರು. ಮೊಣಕಾಲಿಗಾಗಿ ತೆಗೆದುಕೊಂಡ ಆರು ತಿಂಗಳ ಬಿಡುವೂ ನೆರವಾಯಿತು. ಆ ವರ್ಷ ನಡಾಲ್ ವಿರುದ್ಧದ ನಾಲ್ಕೂ ಪಂದ್ಯ ಅವರದ್ದೇ.

ಇನ್ನು ವಿರಾಮ. ಆಸ್ಟ್ರೇಲಿಯನ್ ಓಪನ್ ಫೈನಲ್‌ನ ನಾಲ್ಕನೇ ಸೆಟ್ ಸೋತ ಕೂಡಲೇ ಫೆಡರರ್ ತೊಡೆನೋವಿಗೆಂದು ಅಂಗಳದಿಂದ ಹೊರನಡೆದರು. ಮಾಜಿ ಆಟಗಾರ ಪ್ಯಾಟ್ ಕ್ಯಾಶ್ ಕಟುವಾಗಿ ಟೀಕಿಸಿದರು. ನಿಯಮದ ಪ್ರಕಾರ ಫಿಸಿಯೋ (ದೈಹಿಕ ಚಿಕಿತ್ಸಕ) ಮೊದಲು ಪರೀಕ್ಷಿಸಬೇಕು, ನಂತರ ಚಿಕಿತ್ಸೆಗೆ ಮೂರು ನಿಮಿಷ. ತೊಂದರೆಯೆಂದರೆ ನೋವು ಎಷ್ಟಿದೆ ಎಂದು ಹೊರಗಿನವರು ಅಳೆಯಲಾಗದು, ಅಷ್ಟರಲ್ಲಿ ಎದುರಾಳಿಯ ಲಯ ತಪ್ಪಬಹುದು. ಇಲ್ಲಿ ಮಾತ್ರ ಹಾಗಾಗಲಿಲ್ಲ: ಮರಳಿದ ಮೊದಲ ಗೇಮಿನಲ್ಲೇ ಫೆಡರರ್ ಸರ್ವ್ ಕಳೆದುಕೊಂಡರು, ಅಂದರೆ ತಾವು ಸರ್ವ್ ಮಾಡಿದ ಗೇಮ್ ಸೋತರು; ಐದನೇ ಸೆಟ್‌ನಲ್ಲಿ 1-3ಕ್ಕೆ ಕುಸಿದರು. ಪಂದ್ಯ ತಿರುಗಿದ್ದು ಆಮೇಲೆ ಸತತ ಐದು ಗೇಮ್ ಗೆದ್ದಾಗ.