ಯುಕೆ ಸ್ಪಾನ್ಸರ್ ಕೈಕೊಟ್ಟರು, ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಬಹುದಾ?

ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿರಾಜಪೇಟೆಯ ಸಿವಿಲ್ ಎಂಜಿನಿಯರ್, ಕೆಲಸದ ವೀಸಾಗೆ ಅರ್ಜಿ ಹಾಕಿದ ಮೇಲೆ ಕೆಲಸ ಕೊಟ್ಟ ಯುಕೆ ಕಂಪನಿ ಸ್ಪಾನ್ಸರ್‌ಶಿಪ್ ವಾಪಸ್ ತಗೊಂಡಿದೆ, ಇಲ್ಲಿ ರಾಜೀನಾಮೆ ಕೊಟ್ಟಾಗಿದೆ, ನೋಟಿಸ್ ಇನ್ನು ಹದಿನೈದು ದಿನ ಬಾಕಿ ಅಂತ ಬರೆದಿದ್ದೀರಿ. 2022ರಲ್ಲಿ ನನ್ನ ಕಥೆಯೂ ಇದೇ.

ಆಗ ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರ ಕಿಚನ್‌ನಲ್ಲಿದ್ದೆ. ಕೆಂಟ್ ಕಡೆಯ ಒಂದು ರೆಸ್ಟೋರೆಂಟ್ ಶೆಫ್ ಕೆಲಸ ಕೊಟ್ಟು, ನವೆಂಬರ್‌ನಲ್ಲಿ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ನಂಬರ್ ಕಳಿಸಿತು. ಹೆಸರಿಗೆ ಸರ್ಟಿಫಿಕೇಟ್, ಆದರೆ ಅದು ಅವರ ಕಂಪ್ಯೂಟರಿನ ಒಂದು ದಾಖಲೆ ಅಷ್ಟೇ. ವೀಸಾ ಸಿಗುತ್ತದೆ ಅನ್ನೋ ಗ್ಯಾರಂಟಿ ಅದರಲ್ಲಿಲ್ಲ. ಅಮ್ಮ ಆ ಇಮೇಲ್ ಪ್ರಿಂಟ್‌ಗೆ ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋ ಪಕ್ಕ ಇಟ್ಟಿದ್ದಳು.

ನಾನು ಅದೇ ಸಂಜೆ ರಾಜೀನಾಮೆ ಕೊಟ್ಟೆ. ಇದೊಂದೇ ತಪ್ಪು, ಆದರೆ ಹೇಗಾಯಿತು ಅಂತ ಪೂರ್ತಿ ಹೇಳಬೇಕು. ಅಲ್ಲಿ ಸೇರಬೇಕಾದ ದಿನ ಜನವರಿ 9. ನನ್ನ ನೋಟಿಸ್ ಒಂದು ತಿಂಗಳು. ಬೆರಳಚ್ಚು ಕೊಟ್ಟ ಮೇಲೆ ವೀಸಾ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ವೀಸಾ ಬಂದ ಮೇಲೆ ನೋಟಿಸ್ ಕೊಟ್ಟರೆ ತಾರೀಖು ದಾಟಿಹೋಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೇ ಶುರು ಮಾಡೋಣ ಅಂತ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗೇ ಇತ್ತು. ಆದರೆ ಆ ತಾರೀಖು ಮೈಸೂರಿನ ರೈಲಲ್ಲ, ತಪ್ಪಿದರೆ ಹೋಯ್ತು ಅನ್ನೋಕೆ. ಸಾಮಾನ್ಯವಾಗಿ 28 ದಿನ ತಡವಾಗಿ ಸೇರಲು ಜಾಗ ಇರುತ್ತದೆ. ಅದೂ ಸಾಲದಿದ್ದರೆ ಮೊದಲೇ ಮುಂದಿನ ತಾರೀಖು ಹಾಕಿ ಅಂತ ಕೇಳಬಹುದಿತ್ತು. ನಾನು ಕೇಳಲಿಲ್ಲ. ಇವನು ಶುರುವಲ್ಲೇ ತಕರಾರು ತೆಗೀತಾನೆ ಅಂದುಕೊಂಡುಬಿಟ್ಟರೆ ಅಂತ ಹೆದರಿಕೆ. ಜೊತೆಗೆ, ಕ್ರಿಸ್ಮಸ್ಸಿಗೆ ಒಂದು ರೂಮೂ ಖಾಲಿ ಇರದ ಕೊಡಗಿನ ರೆಸಾರ್ಟ್ ಕಿಚನ್‌ನಿಂದ ನವೆಂಬರ್‌ನಲ್ಲಿ ಯಾರಾದರೂ ಎದ್ದುಹೋಗ್ತಾರಾ?

ಡಿಸೆಂಬರ್‌ನಲ್ಲಿ ಮೇಲ್ ಬಂತು, ಅವರ ಸ್ಪಾನ್ಸರ್ ಲೈಸೆನ್ಸೇ, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಲು ಸರ್ಕಾರ ಕೊಡುವ ಅನುಮತಿಯೇ, ಹೋಗಿದೆ ಅಂತ. ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ ವೆಬ್‌ಸೈಟಿನಲ್ಲೇ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು. ನಾನು ಅವತ್ತು ಮೊದಲ ಸಲ ತೆಗೆದು ನೋಡಿದೆ. ಹೆಸರಿಲ್ಲ. ವೀಸಾ ತಿರಸ್ಕಾರವಾಯಿತು. ವರ್ಷಕ್ಕೆ 624 ಪೌಂಡಿನಂತೆ ಮೂರು ವರ್ಷಕ್ಕೆ ಕಟ್ಟಿದ್ದ 1872 ಪೌಂಡ್ ಹೆಲ್ತ್ ಸರ್ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ವೀಸಾ ಅರ್ಜಿ ಜೊತೆಗೇ ಕಟ್ಟುವ ದುಡ್ಡು) ವಾಪಸ್ ಬಂತು, ವೀಸಾ ಫೀಸ್ ಬರಲಿಲ್ಲ. ಆ ದುಡ್ಡಿಗಾಗಿ ಅಪ್ಪ ಗಿಡದ ಮೇಲಿದ್ದ ಕಾಫಿಗೆ ಕುಶಾಲನಗರದ ವ್ಯಾಪಾರಿ ಹತ್ರ ಮುಂಗಡ ತಂದಿದ್ದರು. ಆ ವರ್ಷ ಕೊಯ್ದಿದ್ದೆಲ್ಲ ಅವನ ರೇಟಿಗೇ ಹೋಯ್ತು.

ಕೆಲಸ ಕೇಳಲು ವಾಪಸ್ ಹೋದಾಗ ದೊಡ್ಡ ಶೆಫ್ ಹೊಸ ವರ್ಷದ ಪಾರ್ಟಿಗೆ ಪ್ಲೇಟ್ ಎಣಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಿನ್ನ ಜಾಗಕ್ಕೆ ಹುಡುಗ ಬಂದಾಯ್ತು ಮಾರಾಯ" ಅಂದರು.

ಆದ್ದರಿಂದ ವಿಸಿಟರ್ ವೀಸಾನಾ, ಬೇರೆ ದೇಶನಾ ಅನ್ನೋದು ನಿಮ್ಮ ಈ ವಾರದ ಪ್ರಶ್ನೆಯೇ ಅಲ್ಲ. ನಾಳೆ ಬೆಳಿಗ್ಗೆ ಮ್ಯಾನೇಜರ್ ಹತ್ರ ಹೋಗಿ ರಾಜೀನಾಮೆ ವಾಪಸ್ ಕೇಳಿ, ಮೇಲ್ ಕೂಡ ಹಾಕಿ. ನಾಚಿಕೆ ಆಗುತ್ತೆ, ಆಗಲಿ. ನಿಮ್ಮ ಜಾಗಕ್ಕೆ ಹುಡುಗ ಇನ್ನೂ ಬಂದಿಲ್ಲ ಅಲ್ವಾ? ವಿಸಿಟರ್ ಆಗಿ ಹೋದರೆ ಅಲ್ಲಿದ್ದುಕೊಂಡೇ ಕೆಲಸದ ವೀಸಾಗೆ ಬದಲಾಯಿಸಲು ಬಿಡೋದಿಲ್ಲ, ಹೇಗೂ ವಾಪಸ್ ಬಂದೇ ಅರ್ಜಿ ಹಾಕಬೇಕು. ದುಡ್ಡು ಕೊಟ್ಟರೆ ಸ್ಪಾನ್ಸರ್ ಕೊಡಿಸ್ತೀನಿ ಅನ್ನುವ ಏಜೆಂಟ್ ಸಿಕ್ಕರೆ ಮಾತೇ ಬೇಡ, ಎದ್ದು ಬನ್ನಿ. ವೀಸಾಗೆ ಬರೆದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಎರಡು ವರ್ಷ ನಡೆಯುತ್ತದೆ, ಟಿಬಿ ಇಲ್ಲ ಅನ್ನೋ ಸರ್ಟಿಫಿಕೇಟ್ ಆರು ತಿಂಗಳು. 2025ರ ಜುಲೈ 22ರಿಂದ ಕೆಲಸದ ವೀಸಾಗೆ ಬೇಕಾದ ಕನಿಷ್ಠ ಸಂಬಳ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಆಗಿದೆ, ಹೊಸ ಆಫರ್ ಬಂದರೆ ಅದನ್ನು ಮೊದಲು ನೋಡಿ. ನಮ್ಮಂಥ ಶೆಫ್‌ಗಳಿಗೆ ಹೊರಗಿನಿಂದ ಹೊಸದಾಗಿ ಹೋಗುವ ಬಾಗಿಲು ಅವತ್ತೇ ಮುಚ್ಚಿತು. ನಾನು 2023ರಲ್ಲೇ ಬೇರೆ ಸ್ಪಾನ್ಸರ್ ಸಿಕ್ಕಿ ಯುಕೆಗೆ ಬಂದೆ, ಆ ಸಲ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೇ ನೋಟಿಸ್ ಕೊಟ್ಟಿದ್ದು.

ಇನ್ನೊಂದು, ನೀವು ಬೆರಳಚ್ಚು ಕೊಟ್ಟಾಗಿದೆಯಾ? ಇಲ್ಲ ಅಂದರೆ ಇವತ್ತೇ ಅರ್ಜಿ ಹಿಂತೆಗೆದುಕೊಳ್ಳಿ, ವೀಸಾ ಫೀಸೂ ವಾಪಸ್ ಬರುತ್ತದೆ.