ಮದರ್‌ಬೋರ್ಡ್ ಬದಲಾಯಿಸಿದರೆ ವಿಂಡೋಸ್ ಲೈಸೆನ್ಸ್ ಜೊತೆಗೆ ಬರುತ್ತದೆಯೇ?

ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದು, ಎಸ್‌ಎಸ್‌ಡಿ ಮಾತ್ರ ಹಳೆಯದು, ಈಗಿರುವ ವಿಂಡೋಸ್ ಲೈಸೆನ್ಸ್ ಉಳಿಯುತ್ತಾ ಅಥವಾ ಮತ್ತೆ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಕೊಳ್ಳಲು ಅವಸರ ಬೇಡ. ಉಳಿಯುವ ಸಾಧ್ಯತೆ ಇದೆ. ಆದರೆ ಹಳೇ ಬೋರ್ಡ್ ಇನ್ನೂ ಓಡುತ್ತಿರುವಾಗಲೇ ಕೆಲವು ಕೆಲಸ ಮುಗಿಸಿಕೊಳ್ಳಬೇಕು. ಬಿಚ್ಚಿದ ಮೇಲೆ ನೆನಪಾದರೆ ಕಷ್ಟ.

ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಬದಲಾದರೆ ವಿಂಡೋಸ್ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮದರ್‌ಬೋರ್ಡ್ ಹಾಗಲ್ಲ. ವಿಂಡೋಸ್ 10 ಬಂದಾಗಿನಿಂದ, ಅಂದರೆ 2015ರಿಂದ, ಡಿಜಿಟಲ್ ಲೈಸೆನ್ಸ್ ಎನ್ನುವ ಪದ್ಧತಿ ಇದೆ. ನಿಮ್ಮ ಯಂತ್ರದ ಭಾಗಗಳಿಂದ ಒಂದು ಗುರುತು ಮಾಡಿ ಮೈಕ್ರೋಸಾಫ್ಟ್ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆ ಗುರುತಿನಲ್ಲಿ ಬೋರ್ಡ್‌ನ ಪಾಲೇ ಜಾಸ್ತಿ. ಅದು ಬದಲಾದರೆ ಸರ್ವರ್ ಕಣ್ಣಿಗೆ ಇದು ಬೇರೆಯೇ ಕಂಪ್ಯೂಟರ್.

ಹಾಗಾಗಿ ಮೊದಲು ನಿಮ್ಮದು ಯಾವ ಬಗೆಯ ಲೈಸೆನ್ಸ್ ಅಂತ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಸ್ಲಾಶ್, ಡಿಎಲ್‌ಐ ಅಂತ ಟೈಪ್ ಮಾಡಿ. ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ರಿಟೇಲ್ (ಬಿಡಿಯಾಗಿ ಕೊಂಡದ್ದು) ಅಂತಿದ್ದರೆ ಒಳ್ಳೆಯ ಸುದ್ದಿ. ಅದನ್ನು ಹೊಸ ಯಂತ್ರಕ್ಕೆ ಒಯ್ಯಬಹುದು, ಒಂದೇ ಹೊತ್ತಿಗೆ ಎರಡು ಕಡೆ ಬಳಸಬಾರದು ಅಷ್ಟೇ. ಒಇಎಂ ಅಂತಿದ್ದರೆ ಅದು ಯಂತ್ರದ ಜೊತೆಗೇ ಬಂದದ್ದು, ಅದರ ಜೊತೆಗೇ ಮುಗಿಯುವುದು. ಬ್ರ್ಯಾಂಡೆಡ್ ಕಂಪ್ಯೂಟರ್‌ಗಳಲ್ಲಿ, ವಿಂಡೋಸ್ 8ರ ಕಾಲದಿಂದ, ಆ ಲೈಸೆನ್ಸ್‌ನ ಕೀ, ಅಂದರೆ ಅಕ್ಷರ-ಅಂಕಿಗಳ ಗುರುತು, ಮದರ್‌ಬೋರ್ಡ್‌ನ ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಒಳಗೇ ಕೂತಿರುತ್ತದೆ. ಬೋರ್ಡ್ ತೆಗೆದರೆ ಕೀಯೂ ಅದರ ಜೊತೆ ಹೋಯಿತು. ವಾಲ್ಯೂಮ್ ಅಂತಿದ್ದರೆ ಅದು ಸಂಸ್ಥೆಗಳಿಗೆ ಕೊಡುವ ಲೈಸೆನ್ಸ್, ಮನೆಯ ಕಂಪ್ಯೂಟರ್‌ನಲ್ಲಿ ಅದು ಇರಬಾರದು. ತೀರಾ ಅಗ್ಗಕ್ಕೆ ಸಿಗುವ ಕೀಗಳು ಎಷ್ಟೋ ಸಲ ಇಂಥವೇ.

ಇಲ್ಲಿ ಒಂದು ಮೋಸದ ತಿರುವು ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. ವಿಂಡೋಸ್ 7 ಅಥವಾ 8ರಿಂದ ಉಚಿತವಾಗಿ 10ಕ್ಕೆ ಏರಿದ ಯಂತ್ರಗಳೂ ರಿಟೇಲ್ ಅಂತಲೇ ತೋರಿಸುತ್ತವೆ. ಅದೇ ಕಿಟಕಿಯಲ್ಲಿ ಕೀಯ ಕೊನೆಯ ಐದು ಅಕ್ಷರ ಕಾಣುತ್ತದೆ. ಅದು 3ವಿ66ಟಿ ಅಥವಾ 8ಎಚ್‌ವಿಎಕ್ಸ್7 ಆಗಿದ್ದರೆ, ಅದು ಎಲ್ಲರಿಗೂ ಹಾಕುವ ಸಾಮಾನ್ಯ ಕೀ, ನಿಮ್ಮ ಸ್ವಂತದ್ದಲ್ಲ. ಆಗ ಮೂಲದಲ್ಲಿ ಕೊಂಡದ್ದು ಏನು ಅನ್ನುವುದೇ ಮುಖ್ಯ. ಹಳೆಯದು ಒಇಎಂ ಆಗಿದ್ದರೆ ಏರಿದ ಮೇಲೂ ಅದು ಒಇಎಂ ಹಕ್ಕೇ. ಡಬ್ಬಿಯಲ್ಲಿ ಕೊಂಡ ರಿಟೇಲ್ ವಿಂಡೋಸ್ 7 ಆಗಿದ್ದರೂ ಆ ಕೀ ನಂಬಿಕೊಂಡು ಕೂರಬೇಡಿ. 7 ಮತ್ತು 8ರ ಕೀಗಳಿಂದ ಹೊಸ ವಿಂಡೋಸ್ ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

ಅದಕ್ಕೇ ಈಗಲೇ, ಇವತ್ತೇ, ಲೈಸೆನ್ಸನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ಅಡ್ಮಿನಿಸ್ಟ್ರೇಟರ್ ಆಗಿ ಆ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟ ನೋಡಿ. ಡಿಜಿಟಲ್ ಲೈಸೆನ್ಸ್ ನಿಮ್ಮ ಖಾತೆಗೆ ಜೋಡಣೆಯಾಗಿದೆ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬರೀ ಆಕ್ಟಿವೇಟ್ ಆಗಿದೆ ಅಂತಿದ್ದರೆ ಸಾಲದು.

ಇನ್ನೊಂದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಕಂಪ್ಯೂಟರ್‌ಗೆ ಹೊಸ ಬೋರ್ಡ್ ಕೂರಿಸಿದಾಗ ಲೈಸೆನ್ಸ್ ಬಗ್ಗೆ ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಆನ್ ಮಾಡಿದರೆ ವಿಂಡೋಸ್ ತೆರೆಯಲೇ ಇಲ್ಲ. ನೀಲಿ ಪರದೆಯಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ, 48 ಅಂಕಿಯ ರಿಕವರಿ ಕೀ ಕೇಳುತ್ತಾ ನಿಂತಿತ್ತು. ಡಿಸ್ಕ್‌ನ ಬೀಗದ ಕೈ ಇದ್ದದ್ದು ಹಳೇ ಬೋರ್ಡ್‌ನ ಟಿಪಿಎಂ ಎನ್ನುವ ಭದ್ರತಾ ಚಿಪ್‌ನಲ್ಲಿ, ಆ ಬೋರ್ಡ್ ಮೇಜಿನ ಮೇಲೆ ಮಲಗಿತ್ತು. ಪ್ರಿಂಟ್ ಮಾಡಿಟ್ಟಿದ್ದ ಕಾಗದ ಹಳೇ ಫೈಲೊಂದರಲ್ಲಿ ಸಿಗುವವರೆಗೆ ನನ್ನ ವರ್ಷಗಟ್ಟಲೆಯ ಫೋಟೋಗಳು ಹೋದವು ಅಂತಲೇ ಭಯಪಟ್ಟಿದ್ದೆ. ಲೈಸೆನ್ಸ್ ಹೋದರೆ ಇನ್ನೊಂದು ಕೊಳ್ಳಬಹುದು, ಫೋಟೋ ಎಲ್ಲಿಂದ ತರೋದು? ನೀವು ಬಿಟ್‌ಲಾಕರ್ ಹಾಕಿಲ್ಲ ಅಂತ ಅಂದುಕೊಂಡಿದ್ದರೂ ನೋಡಿಬಿಡಿ, ಹೋಮ್ ಆವೃತ್ತಿಯಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಎನ್ನುವ ಇಂಥದೇ ಬೀಗ ತಾನಾಗಿಯೇ ಆನ್ ಆಗಿರಬಹುದು. ಅದನ್ನು ಪೂರ್ತಿ ಆಫ್ ಮಾಡಿ, ಡಿಸ್ಕ್‌ನ ಬೀಗ ಪೂರ್ತಿ ತೆಗೆಯುವವರೆಗೆ ಕಾದು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ. ಫೈಲುಗಳ ಬ್ಯಾಕಪ್ ಹೇಗೂ ಬೇಕೇ ಬೇಕು.

ಬೋರ್ಡ್ ಬದಲಾದ ಮೇಲಿನ ಕೆಲಸ ಸುಲಭ. ಇಂಟರ್ನೆಟ್ ಜೋಡಿಸಿ, ಅದೇ ಖಾತೆಯಿಂದ ಲಾಗಿನ್ ಆಗಿ. ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎನ್ನುವ ಆಯ್ಕೆ ಆರಿಸಿ. ಪಟ್ಟಿಯಲ್ಲಿ ನಿಮ್ಮ ಹಳೇ ಯಂತ್ರದ ಹೆಸರು ಬರುತ್ತದೆ, ಅದನ್ನು ಗುರುತು ಮಾಡಿ ಆಕ್ಟಿವೇಟ್ ಕೊಡಿ. ಮತ್ತೆ ಇನ್‌ಸ್ಟಾಲ್ ಮಾಡುವುದಾದರೆ ಆವೃತ್ತಿ ಅದೇ ಇರಲಿ. ಹೋಮ್ ಲೈಸೆನ್ಸ್‌ಗೆ ಪ್ರೊ ಹಾಕಿದರೆ ಆಗುವುದಿಲ್ಲ.

ನಿಮ್ಮದು ಒಇಎಂ ಅಂತ ಗೊತ್ತಾದರೆ ಹೊಸದು ಕೊಳ್ಳುವುದೇ ಸರಿಯಾದ ದಾರಿ, ಆಗ ರಿಟೇಲ್ ಅನ್ನೇ ಕೊಳ್ಳಿ. ಅವತ್ತೇ ಕೊಳ್ಳಬೇಕು ಅಂತೇನೂ ಇಲ್ಲ. ಆಕ್ಟಿವೇಟ್ ಆಗದಿದ್ದರೂ ವಿಂಡೋಸ್ ಓಡುತ್ತದೆ. ಮೂಲೆಯಲ್ಲಿ ಒಂದು ಬರಹ ಕಾಣುತ್ತದೆ, ಬಣ್ಣ, ವಾಲ್‌ಪೇಪರ್ ಬದಲಾಯಿಸುವ ಸೆಟ್ಟಿಂಗ್‌ಗಳು ಮುಚ್ಚಿರುತ್ತವೆ. ಹೊಸ ಬೋರ್ಡ್ ಸರಿಯಾಗಿದೆಯಾ ಅಂತ ಕೆಲವು ದಿನ ನೋಡಿಕೊಂಡೇ ಕೊಳ್ಳಿ. ಆ ಕಮಾಂಡ್ ಹಾಕಿದಾಗ ಏನು ಬಂತು ಅಂತ ಇಲ್ಲಿ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.