ಸಂಪಾದಕರ ಉತ್ತರ: ಕೊಸರಿನ ಲೆಕ್ಕವಲ್ಲ

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟವೊಂದರ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು, ಎರಡು ಪುಟದ ಕಾಗದ ಬರೆದಿದ್ದಾರೆ. ತೋಟದ ಆಳುಗಳ ಲೈನ್ ಮನೆಯಲ್ಲಿರುವ ಎರವ ಬುಡಕಟ್ಟಿನ ಹೆಂಗಸಿಗೆ ಮೈಕೈ ನೋವೆಂದು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರಂತೆ. ಡಾಕ್ಟರು ಆಕೆಯತ್ತ ತಲೆ ಎತ್ತಲಿಲ್ಲ. “ಕುಡೀತಾಳಾ?” ಎಂದು ಇವರನ್ನು ಕೇಳಿ, ಮಾತ್ರೆ ಬರೆದು, ಮುಂದಿನವರನ್ನು ಕರೆದರು. “ಔಷಧಿಯ ಜೊತೆ ಸ್ವಲ್ಪ ಮಾನವೀಯತೆಯನ್ನೂ ಬಯಸುವುದು ದುರಾಸೆಯೇ?” ಎಂಬುದು ಅವರ ಪ್ರಶ್ನೆ.

ದುರಾಸೆಯಲ್ಲ ಸ್ವಾಮಿ. ಆದರೆ ಆ “ಜೊತೆ” ಎಂಬ ಮಾತಿಗೆ ನನ್ನ ತಕರಾರಿದೆ. ಅಂಗಡಿಯವನು ಅಕ್ಕಿ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾನಲ್ಲ, ಹಾಗೆ ಕೇಳಿದ್ದೀರಿ. ನಿಮ್ಮ ಡಾಕ್ಟರಲ್ಲಿ ಅಳತೆಯೇ ಕಮ್ಮಿಯಾಗಿತ್ತು.

ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಎಂಬ ಕಾಯಿಲೆಯಿದೆ. ತಂದೆ ತಾಯಿಯಿಂದ ಬರುವಂಥದ್ದು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಸೊಂಟ, ಎದೆಯಲ್ಲಿ ತಡೆಯಲಾಗದ ನೋವು. ಚಳಿ ಮತ್ತು ಮೈಯಲ್ಲಿ ನೀರು ಕಮ್ಮಿಯಾಗುವುದು ಅದನ್ನು ಕೆರಳಿಸುತ್ತವೆ. ಕೊಡಗಿನ ಜುಲೈ ಮಳೆಯಲ್ಲಿ ನೆನೆದು ಕಾಫಿ ಗಿಡದ ಕಸಿ (ರೆಂಬೆ ಸವರುವ ಕೆಲಸ) ಮಾಡುವವರಿಗೆ ಎರಡಕ್ಕೂ ಬರವಿಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಬುಡಕಟ್ಟು ಜನರ ಹಾಡಿಗಳಲ್ಲೂ ಇದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ನಲವತ್ತು ವರ್ಷದವರೆಗಿನವರ ರಕ್ತ ಪರೀಕ್ಷೆ ನಡೆಯುತ್ತಿದೆ. ನಿಮ್ಮ ಲೈನ್ ಮನೆಯವರಿಗೂ ಇದೇ ಎಂದು ಹೇಳುತ್ತಿಲ್ಲ. ಕಾಗದ ಓದಿ ರೋಗ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ನೋವು ಎಲ್ಲಿ, ಎಂದಿನಿಂದ, ಮಳೆಗಾಲದಲ್ಲಿ ಹೆಚ್ಚೇ, ಮನೆಯಲ್ಲಿ ಮಕ್ಕಳಿಗೂ ಬರುತ್ತದೆಯೇ ಎಂದು ಕೇಳಿದ್ದರೆ ಆ ದಾರಿಯಾದರೂ ತೆರೆಯುತ್ತಿತ್ತು. “ಕುಡೀತಾಳಾ?” ಎಂಬ ಒಂದೇ ಪ್ರಶ್ನೆ ಅದನ್ನು ಮುಚ್ಚಿತು.

ನನ್ನ ತಾಯಿಗೆ ಆಪರೇಷನ್ ಆದ ಮೇಲೆ ಕನ್ನಡ ಬಾಯಿಗೆ ಬರುತ್ತಿರಲಿಲ್ಲ, ನಮ್ಮ ಮನೆಮಾತು ಅರೆಭಾಷೆ ಮಾತ್ರ. ಮೂರು ದಿನ ನರಳಿದರು. ರೌಂಡ್ಸ್‌ಗೆ ಬಂದವರೆಲ್ಲ ಹೊಲಿಗೆ ನೋಡಿ ಹೋದರು. ನೆಲ ಒರೆಸಲು ಬಂದ ಸಂಪಾಜೆ ಕಡೆಯ ಆಯಾ ಅರೆಭಾಷೆಯಲ್ಲೇ ಮಾತಾಡಿಸಿದಾಗ ಅಮ್ಮ ಹಿಮ್ಮಡಿ ತೋರಿಸಿದರು. ಮಲಗಿ ಮಲಗಿ ಅಲ್ಲಿ ಹುಣ್ಣಾಗಿತ್ತು.

ಡಾಕ್ಟರನ್ನೇ ಬೈದು ಮುಗಿಸಲೂ ಮನಸ್ಸಿಲ್ಲ. ಮಳೆಗಾಲದ ಸೋಮವಾರ ಒಪಿಡಿಯ ಸಾಲು ನೋಡಿದವರಿಗೆ ಅವರ ಕಷ್ಟ ಗೊತ್ತು. ಅಮೆರಿಕದಲ್ಲಿ 1984ರಲ್ಲಿ ಅಳೆದು ನೋಡಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಿದ್ದರಂತೆ. (ನಮ್ಮಲ್ಲಿ ಅಳೆಯದಿರುವುದೇ ಮರ್ಯಾದೆ.) ನಮ್ಮ ಎಂಬಿಬಿಎಸ್‌ನಲ್ಲೂ 2019ರಿಂದ ನಡವಳಿಕೆ, ನೀತಿ, ರೋಗಿಯೊಡನೆ ಮಾತುಕತೆ ಪಾಠವಾಗಿ ಸೇರಿವೆ. ಕಲಿತು ಬಂದವರಿಗೆ ಕೇಳುವಷ್ಟು ಹೊತ್ತು ಕೊಡುವುದು ಸರ್ಕಾರದ ಕೆಲಸ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಗದದಲ್ಲಿ ಡಾಕ್ಟರು “ಕೇಳಿದರು”, ಧಣಿ “ಹೇಳಿದರು”, ಆಕೆ ಮಾತ್ರ “ಕೂತಿದ್ದಳು”. ಮೂರು ಮಕ್ಕಳ ತಾಯಿ, ಹನ್ನೆರಡು ವರ್ಷದಿಂದ ನಿಮ್ಮ ತೋಟದಲ್ಲಿ ದುಡಿಯುವವರು. ಎರಡು ಪುಟದಲ್ಲಿ ಅವರಾಡಿದ ಒಂದು ಮಾತೂ ಇಲ್ಲ. ಡಾಕ್ಟರು ನಿಮ್ಮನ್ನು ಕೇಳಿದಾಗ “ಇಲ್ಲ ಸಾರ್” ಎಂದು ಉತ್ತರ ಕೊಟ್ಟವರೂ ನೀವೇ. “ಅವರನ್ನೇ ಕೇಳಿ ಸಾರ್” ಅನ್ನಬಹುದಿತ್ತು.

ಮತ್ತೆ ಕರೆದೊಯ್ಯಿರಿ. ಅವರ ಭಾಷೆಯೂ ಕನ್ನಡವೂ ಬರುವ ನೆಂಟರೊಬ್ಬರು ಜೊತೆಗಿರಲಿ. ಡಾಕ್ಟರ ಮುಂದಿನ ಕುರ್ಚಿಯಲ್ಲಿ ಅವರು ಕೂರಲಿ, ನೀವು ಬಾಗಿಲ ಹೊರಗಿರಿ. ಸಿಕಲ್ ಸೆಲ್ ಪರೀಕ್ಷೆ ಆಗಿದೆಯೇ ಎಂದು ಅವರಿಂದಲೇ ಕೇಳಿಸಿ.

ಕಾಯಿಲೆ ಭತ್ಯೆ ಎಂಬುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇದೆ. ಆಸ್ಪತ್ರೆಗೆ ಹೋದ ಆ ದಿನದ ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಅವರ ಹೆಸರಿನ ಮುಂದೆ ನೀವು ಏನು ಬರೆದಿರಿ? ಮುಂದಿನ ಕಾಗದದಲ್ಲಿ ಅದನ್ನೂ ತಿಳಿಸಿ.